ಚಿನ್ನದ ಗಣಿಯ ಸೀಮೆ ಮತ್ತು ಗ್ರಂಥಾಲಯದ ನಕ್ಷೆ

ಬಂಗಾರಪೇಟೆಯಲ್ಲಿ ಮುಖ್ಯಮಾರ್ಗದಿಂದ ಅಗಲಿ ಆಗ್ನೇಯಕ್ಕೆ ತಿರುಗುವ ರೈಲುಹಾದಿಯು ಸುಮಾರು 10 ಮೈಲಿ ಸಾಗಿ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ, ಮಾರಿಕುಪ್ಪಂನಲ್ಲಿ ಬಂದು ಮುಗಿಯುತ್ತದೆ. 1894ರ ವೇಳೆಗೆ ಈ ಹಾದಿಯನ್ನು ಹಾಸಿದವರ ಕಣ್ಣಮುಂದೆ ಇದ್ದುದು ಚಿನ್ನವೊಂದೇ. ಚಿನ್ನದ ಸಲುವಾಗಿ ಇಲ್ಲಿ ಶಾಫ್ಟುಗಳು ಇಳಿದುವು, ಗಿರಣಿಗಳು ಎದ್ದುವು, ಬೇತಮಂಗಲದ ಕೆರೆಯಿಂದ ನೀರು ಬಂದಿತು, ಕೂಲಿಕಾರರ ಲೈನುಗಳೂ ಅಧಿಕಾರಿಗಳ ಬಂಗಲೆಗಳೂ ಆಸ್ಪತ್ರೆಯೂ ಕ್ಲಬ್ಬೂ ಸ್ಥಾಪಿತವಾದುವು. ಇಷ್ಟೊಂದು ಪೂರ್ವಾಲೋಚನೆಯಿಂದ, ಇಷ್ಟೊಂದು ಲೆಕ್ಕಾಚಾರದಿಂದ ರೂಪುಗೊಂಡ ಊರು ಮೈಸೂರು ಸೀಮೆಯಲ್ಲಿ ಆ ಕಾಲಕ್ಕೆ ಮತ್ತೊಂದಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಈ ಸೀಮೆಯ ವಿದ್ಯಾರ್ಥಿಗಳ ಪಾಲಿಗೆ ಈಗ ಹೊಸ ವಿಶ್ವವಿದ್ಯಾಲಯವೊಂದು ಬಂದಿದೆ. ಹೊಸ ವಿಶ್ವವಿದ್ಯಾಲಯ ಬಂದ ಮೇಲೆ ಅದಕ್ಕೊಂದು ಗ್ರಂಥಾಲಯ ಭವನವೂ ಬೇಕೇ ಬೇಕು. ಅಂಥ ಭವನವನ್ನು ಹೇಗೆ ಯೋಜಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ದೂರದ ದೇಶಗಳಲ್ಲಿ ಅರಸುವ ಮುನ್ನ ಈ ನೆಲದ ಚರಿತ್ರೆಯನ್ನು ಒಮ್ಮೆ ತೆರೆದು ನೋಡುವುದು ಉಚಿತವೆಂದು ನನ್ನ ಭಾವನೆ. ಏಕೆಂದರೆ ಆ ಉತ್ತರದ ಬಹುಪಾಲು ಇಲ್ಲಿಯೇ ಇದೆ.

ಕೋಲಾರದ ಚಿನ್ನದ ಗಣಿಯು ಒಬ್ಬ ಓದುಗನಿಗೂ ಒಂದು ಬರಹಕ್ಕೂ ಆದ ಸಮಾಗಮದ ಫಲವೆಂಬುದನ್ನು ನಾವು ನೆನೆಯಬೇಕು. ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಸಂಸ್ಥಾನದ ಎಲ್ಲೆಗಳನ್ನು ಅಳೆಯುವ ಕಾರ್ಯದಲ್ಲಿ ನಿಯುಕ್ತನಾಗಿದ್ದ ಲೆಫ್ಟೆನೆಂಟ್ ಜಾನ್ ವಾರನ್ ಎಂಬ ಸೇನಾಧಿಕಾರಿಯು 1802ರಲ್ಲಿ ಈ ಪ್ರಾಂತಕ್ಕೆ ಬಂದಾಗ ಇಲ್ಲಿನ ಮಣ್ಣಿನಲ್ಲಿ ಚಿನ್ನವಿರುವುದೆಂಬ ವಾರ್ತೆಯನ್ನು ಕೇಳಿದನು. ಊರಿಗಾಂ, ಮಾರಿಕುಪ್ಪಂಗಳ ಪರಿಸರದಲ್ಲಿ ಹಳ್ಳಿಗರು ಗುಂಡಿಗಳನ್ನು ತೋಡಿ, ಕಲ್ಲನ್ನು ಪುಡಿಮಾಡಿ, ನೀರಿನಲ್ಲಿ ತೊಳೆದು, ಕಣಕಣವಾಗಿ ಚಿನ್ನವನ್ನು ಬೇರ್ಪಡಿಸುತ್ತಿದ್ದುದನ್ನು ಕಂಡು ವರದಿಯೊಂದನ್ನು ಬರೆದನು. ಆ ವರದಿಯು ಅಚ್ಚಾಯಿತು. ಅಚ್ಚಾದ ಮೇಲೆ ದಶಕಗಳ ಕಾಲ ಯಾರ ಗಮನವನ್ನೂ ಹೆಚ್ಚಾಗಿ ಸೆಳೆಯದೆ ಹಳೆಯ ಸಂಪುಟಗಳ ನಡುವೆ ಉಳಿಯಿತು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ, ಅಲ್ಲಿನ ಚಿನ್ನದ ಹಂಬಲವನ್ನು ಮನಸ್ಸಿನಲ್ಲಿ ತುಂಬಿಕೊಂಡು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಯೋಧನ ಕೈಗೆ 1870ರ ದಶಕದ ಆರಂಭದಲ್ಲಿ ಆ ಬರಹವು ಸಿಕ್ಕಿತು. ಅದನ್ನು ಓದಿದವನು ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೊರಟನು. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಕೊಟ್ಟು, 1875ರಲ್ಲಿ ಗಣಿಗಾರಿಕೆಯ ಪರವಾನಗಿಯನ್ನು ಪಡೆದನು. ಅವನ ಸ್ವಂತ ಬಂಡವಾಳವು ಸಾಲದೆ ಹಕ್ಕು ಇತರರ ಕೈಸೇರಿತು; 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಪ್ರವೇಶಿಸಿತು; ಕೆಲವೇ ವರ್ಷಗಳಲ್ಲಿ, ಹಣವು ಬರಿದಾಗುವ ಸ್ಥಿತಿಯಲ್ಲಿದ್ದ ಮೈಸೂರು ಮೈನ್ ಕಂಪನಿಗೆ ಚಾಂಪಿಯನ್ ಎಂಬ ಸಮೃದ್ಧವಾದ ಚಿನ್ನದ ಅದಿರಿನ ಸಿರೆಯು ಗೋಚರಿಸಿತು. ಮುಂದಿನದೆಲ್ಲ ಪ್ರಸಿದ್ಧವಾದ ಸಂಗತಿ. ಆದರೆ ಒಂದು ಹಳೆಯ ಬರಹವು ತನ್ನ ಓದುಗನನ್ನು ಪಡೆಯಲು ಅಷ್ಟು ದೀರ್ಘಕಾಲ ಕಾಯಬೇಕಾಯಿತೆಂಬುದನ್ನೂ, ಓದುಗನು ದೊರೆತ ಮೇಲೆ ಒಂದು ಸೀಮೆಯ ಹಣೆಬರಹವೇ ಬದಲಾಯಿತೆಂಬುದನ್ನೂ ಗ್ರಂಥಾಲಯವನ್ನು ಕಟ್ಟಲು ಹೊರಟವರು ಮರೆಯಬಾರದು. ಇಂಥ ಸಮಾಗಮಗಳನ್ನು ಅದೃಷ್ಟಕ್ಕೆ ಬಿಡದೆ ನಿತ್ಯದ ವ್ಯವಸ್ಥೆಯಾಗಿ ಮಾಡುವುದೇ ಗ್ರಂಥಾಲಯದ ಧರ್ಮ.

ಗಣಿಯ ಚರಿತ್ರೆಯಲ್ಲಿ ಯೋಜನೆಯೆಂಬ ವಿದ್ಯೆಗೆ ಉಜ್ಜ್ವಲವಾದ ನಿದರ್ಶನವೆಂದರೆ ಶಿವನಸಮುದ್ರದ ವಿದ್ಯುತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, ಇಂಜಿನಿಯರ್ ಜಾಲಿ ದ ಲಾಟ್‌ಬಿನಿಯೆ ಅವರ ಪರಿಶ್ರಮದಿಂದ, ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಸುಮಾರು 92 ಮೈಲಿ ದೂರದ ಗಣಿಗಳಿಗೆ ಒಯ್ಯುವ ಕಾರ್ಯವು ಸಂಕಲ್ಪಿತವಾಯಿತು. 1902ರ ಜೂನ್ 30ರಂದು ಆ ಶಕ್ತಿಯು ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಈ ಕಾರ್ಯವನ್ನು ಹೊಗಳುವವರು ಸಾಮಾನ್ಯವಾಗಿ ಜಲಪಾತದ ಭವ್ಯತೆಯನ್ನೂ ತಂತಿಯ ದೈರ್ಘ್ಯವನ್ನೂ ಹೊಗಳುತ್ತಾರೆ. ನನಗಾದರೋ ಅದರಲ್ಲಿ ಅಧಿಕವಾಗಿ ಮೆಚ್ಚಿಗೆಯಾಗುವ ಅಂಶವು ಬೇರೆ. ಆ ಯೋಜನೆಯು ಜಲಪಾತದಿಂದ ಆರಂಭವಾಗಲಿಲ್ಲ, ಬಳಕೆಯಿಂದ ಆರಂಭವಾಯಿತು. ಗಣಿಗಳಿಗೆ ಎಷ್ಟು ಅಶ್ವಶಕ್ತಿ ಬೇಕು, ಅದನ್ನು ಯಾವ ಯಂತ್ರಗಳು ಬಳಸುತ್ತವೆ, ಅದಕ್ಕೆ ಕಂಪನಿಗಳು ಯಾವ ದರವನ್ನು ತೆರಲು ಒಪ್ಪುತ್ತವೆ ಎಂಬುದೆಲ್ಲ ಮೊದಲೇ ನಿಶ್ಚಯವಾಗಿ, ಒಪ್ಪಂದವು ಕಾಗದದ ಮೇಲೆ ಬಂದ ಬಳಿಕ, ಸುಮಾರು 4,000 ಅಶ್ವಶಕ್ತಿಯ ಆ ಬೇಡಿಕೆಗೆ ಅನುಗುಣವಾಗಿ ಯಂತ್ರಗಳನ್ನು ತರಿಸಲಾಯಿತು. ಕಟ್ಟುವುದಕ್ಕೆ ಮೊದಲು ಬಳಸುವವನನ್ನು ಅರಿಯಬೇಕೆಂಬ ಈ ನಿಯಮವು ಗಣಿಗೆ ಹೇಗೋ ಗ್ರಂಥಾಲಯಕ್ಕೂ ಹಾಗೆಯೇ ಅನ್ವಯಿಸತಕ್ಕದ್ದು.

ಗಣಿಯ ಜನರ ಓದಿನ ಹಸಿವು ಹೇಗೆ ತಣಿಯಿತೆಂಬ ಪ್ರಶ್ನೆಯನ್ನು ಕೇಳಿದರೆ ಮಾರಿಕುಪ್ಪಂನ ಹೆಸರು ಗೌರವದಿಂದ ಉಚ್ಚರಿಸಬೇಕಾದುದಾಗುತ್ತದೆ. ಗಣಿಗಳಲ್ಲಿ ದುಡಿಯಲು ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ಜನರಲ್ಲಿ ಬಹುಸಂಖ್ಯಾತರು, ಊರ ಹೊರಗಿನ ಕೇರಿಗಳಲ್ಲಿ ತಲೆತಲಾಂತರದಿಂದ ಅವಮಾನವನ್ನು ಉಂಡು ಬಂದವರು. ಶಾಲೆಯ ಬಾಗಿಲು, ದೇವಾಲಯದ ಬಾಗಿಲು, ಬಾವಿಯ ದಡ ಎಲ್ಲವೂ ನಿಷಿದ್ಧವಾಗಿದ್ದವರು. 20ನೆಯ ಶತಮಾನದ ಮೊದಲ ದಶಕದಲ್ಲಿ, ಮದರಾಸಿನ ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ತಲೆಯೆತ್ತಿದುವು. ಅಯೋತಿ ದಾಸರು 1907ರ ಜೂನ್ 19ರಂದು ಮದರಾಸಿನಲ್ಲಿ ಆರಂಭಿಸಿದ ವಾರಪತ್ರಿಕೆಯ ಹೆಸರು, ಅದರ ಬೆಲೆಗೆ ತಕ್ಕಂತೆ, ‘ಒರು ಪೈಸಾ ತಮಿಳನ್’. ಮರುವರ್ಷ ಅದು ‘ತಮಿಳನ್’ ಎಂದಾಯಿತು. ಆ ಪತ್ರಿಕೆಯನ್ನು ಆಸ್ಥೆಯಿಂದ ಓದಿದವರಲ್ಲಿ, ಅದಕ್ಕೆ ಹಣದ ನೆರವನ್ನಿತ್ತವರಲ್ಲಿ ಚಿನ್ನದ ಗಣಿಯ ಸಂಘದವರು ಅಗ್ರಗಣ್ಯರು. ಭೂಮಿಯ ಒಡಲಿನಲ್ಲಿ ಒಂದು ಪಾಳಿಯ ದುಡಿಮೆಯನ್ನು ಮುಗಿಸಿ ಬಂದವರು ಸಂಘದ ಕೂಟಗಳಲ್ಲಿ ಕಲೆತು, ಅಕ್ಷರ ಬಲ್ಲವನು ಓದುವುದನ್ನು ಬಾರದವರು ಕೇಳುತ್ತ, ಬುದ್ಧನ ಚರಿತ್ರೆಯನ್ನೂ ತಮ್ಮ ಪೂರ್ವಿಕರ ಚರಿತ್ರೆಯನ್ನೂ ತಮ್ಮ ಕಾಲದ ರಾಜಕಾರಣವನ್ನೂ ಚರ್ಚಿಸಿದರು. 1914ರಲ್ಲಿ ಅಯೋತಿ ದಾಸರು ತೀರಿಕೊಂಡ ಮೇಲೆ ನಿಂತುಹೋದ ಪತ್ರಿಕೆಗೆ 1926ರಲ್ಲಿ ಮರುಹುಟ್ಟು ದೊರೆತುದು ಮದರಾಸಿನಲ್ಲಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ; ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಅದು ಇಲ್ಲಿಂದ ವರ್ಷಗಟ್ಟಲೆ ಪ್ರಕಟವಾಯಿತು. ಇಲ್ಲಿನ ಸಿದ್ಧಾರ್ಥ ಪುಸ್ತಕಶಾಲೆಯು ಪಂಡಿತರ ಕೃತಿಗಳನ್ನು ಅಚ್ಚುಮಾಡಿಸಿ ಹಂಚಿತು. ಇಂದು ಆ ಮಹನೀಯರ ಬರಹಗಳು ತಮಿಳು ವಿದ್ವಾಂಸರ ಅಧ್ಯಯನಕ್ಕೆ ದೊರಕಿರುವುದಕ್ಕೆ ಗಣಿಯ ಕೂಲಿಕಾರರ ಕಾಸು ಒಂದು ಕಾರಣವೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಯಾವ ವಾಸ್ತುಶಿಲ್ಪಿಯ ಸಹಾಯವೂ ಇಲ್ಲದೆ, ಓದುಗರೇ ಓದುಗರಿಗಾಗಿ ಕಟ್ಟಿಕೊಂಡ ವಾಚನದ ವ್ಯವಸ್ಥೆಯದು. ಅದಕ್ಕೆ ಭವನವು ಅತ್ಯಲ್ಪವಾಗಿತ್ತು. ಉದ್ದೇಶವು ಮಾತ್ರ ಅತ್ಯಂತ ಸ್ಪಷ್ಟವಾಗಿತ್ತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಬೇರೆಡೆಗಳಲ್ಲಿ ಭವನಗಳು ಏಳುತ್ತಿದ್ದುವು. ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯೋಲೆಯ ಪ್ರತಿಯಲ್ಲಿ, 1905ರಲ್ಲಿ, ಅಲ್ಲಿನ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅದನ್ನು ಮುದ್ರಿಸಿ ಲೋಕಕ್ಕಿತ್ತರು. ಆಕರಾಧ್ಯಕ್ಷನೆಂಬ ಗಣಿಯ ಅಧಿಕಾರಿಯ ಕರ್ತವ್ಯಗಳನ್ನು, ಲೋಹಗಳ ಪರೀಕ್ಷೆಯ ಕ್ರಮವನ್ನು ವಿಸ್ತಾರವಾಗಿ ಹೇಳುವ ಆ ಪ್ರಾಚೀನ ಗ್ರಂಥವು, ಕೋಲಾರದ ಗಣಿಗಳು ತಮ್ಮ ಉತ್ಪತ್ತಿಯ ಶಿಖರದಲ್ಲಿದ್ದ ವರ್ಷಗಳಲ್ಲಿಯೇ ಅದೇ ಸಂಸ್ಥಾನದ ಗ್ರಂಥಭಂಡಾರದಲ್ಲಿ ಬೆಳಕಿಗೆ ಬಂದುದು ಸೋಜಿಗದ ಸಂಗತಿ. ಅಲ್ಲಿಯೂ ನಡೆದುದು ಅದೇ ಸಮಾಗಮ: ಕಾದಿದ್ದ ಗ್ರಂಥಕ್ಕೆ ತಕ್ಕ ಓದುಗನು ದೊರೆತನು.

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಉದಾಹರಣೆಯಿದೆ. ಗಣಿಗೆ ವಿದ್ಯುತ್ತನ್ನು ತರುವ ಸಂಕಲ್ಪ ಮಾಡಿ, ಅದು ಹರಿಯುವುದನ್ನು ಕಾಣದೆಯೇ 1901ರಲ್ಲಿ ನಿಧನರಾದ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಕಬ್ಬನ್ ಉದ್ಯಾನದಲ್ಲಿ ಕೆಂಬಣ್ಣದ ಸುಂದರ ಭವನವೊಂದು ನಿರ್ಮಾಣವಾಗಿ, 1915ರ ಹೊತ್ತಿಗೆ ಸಾರ್ವಜನಿಕ ಗ್ರಂಥಾಲಯಕ್ಕೆ ನೆಲೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು. ಅದರ ಎತ್ತರವಾದ ಕಂಬಗಳೂ ಗುಲಾಬಿಯ ತೋಟಕ್ಕೆ ಅಭಿಮುಖವಾದ ಮುಖಮಂಟಪವೂ ಇಂದಿಗೂ ಕಣ್ಣಿಗೆ ಹಬ್ಬ. ಆದರೆ ಅದು ಪ್ರಧಾನವಾಗಿ ಸ್ಮಾರಕ. ಗ್ರಂಥಾಲಯವು ಅದರೊಳಗೆ ಬಂದು ನೆಲೆಸಿದ ಆಶ್ರಿತ. ಆ ಕಾಲದ ಭಾರತದಲ್ಲಿ ಪುಸ್ತಕಗಳಿಗೆ ದೊರೆಯುತ್ತಿದ್ದ ಮನೆಗಳು ಹೆಚ್ಚಾಗಿ ಇಂಥವೇ. ಅರಮನೆಯ ಒಂದು ಪಾರ್ಶ್ವ, ಕಾಲೇಜಿನ ಒಂದು ಹಜಾರ, ಸಭಾಮಂದಿರದ ಒಂದು ಮೂಲೆ ಇವುಗಳಲ್ಲಿ ಬೀರುಗಳನ್ನಿಟ್ಟು ಬೀಗ ಹಾಕಿದರೆ ಗ್ರಂಥಾಲಯವಾಯಿತೆಂದು ಬಗೆಯುತ್ತಿದ್ದರು. 1916ರ ಜುಲೈ 27ರಂದು ಉದಯಿಸಿದ ಮೈಸೂರು ವಿಶ್ವವಿದ್ಯಾಲಯದ ಗ್ರಂಥಸಂಗ್ರಹವೂ ಮೊದಮೊದಲು ಕಾಲೇಜಿನ ಆಶ್ರಯದಲ್ಲಿಯೇ ಬೆಳೆಯಿತು.

ಈ ಪದ್ಧತಿಯನ್ನು ಬುಡಸಹಿತ ಪ್ರಶ್ನಿಸಿದವರು ಶಿಯಾಳಿ ರಾಮಾಮೃತ ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನೇಮಕಗೊಂಡು, ಇಂಗ್ಲೆಂಡಿನಲ್ಲಿ ಆ ವಿದ್ಯೆಯನ್ನು ಅಭ್ಯಸಿಸಿ, ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿನೋಡಿ ಬಂದು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಪುಸ್ತಕದ ಸಾರ್ಥಕ್ಯವು ಬಳಕೆಯಲ್ಲಿದೆಯೆಂಬುದೂ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕವೂ ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗನೂ ಒದಗಬೇಕೆಂಬುದೂ, ಓದುಗನ ವೇಳೆಯು ವ್ಯರ್ಥವಾಗಕೂಡದೆಂಬುದೂ, ಗ್ರಂಥಾಲಯವು ಜೀವಿಯಂತೆ ಬೆಳೆಯುವ ವಸ್ತುವೆಂಬುದೂ ಆ ಸೂತ್ರಗಳ ತಾತ್ಪರ್ಯ. ಕೇಳುವುದಕ್ಕೆ ಇವು ಸರಳವಾದ ಮಾತುಗಳು. ಕಟ್ಟಡದ ವಿಷಯದಲ್ಲಿ ಇವುಗಳ ಪರಿಣಾಮವಾದರೋ ಕ್ರಾಂತಿಕಾರಕ. ಪುಸ್ತಕವು ಬಳಕೆಗಾಗಿ ಇರುವುದಾದರೆ ಗ್ರಂಥಾಲಯವು ಓದುಗರು ಸಂಚರಿಸುವ ಹಾದಿಯಲ್ಲಿರಬೇಕು, ಅವರಿಗೆ ಬಿಡುವಾದ ಹೊತ್ತಿನಲ್ಲಿ ತೆರೆದಿರಬೇಕು. ನೆಲದ ಮೇಲೆ ನಿಂತ ಸಾಮಾನ್ಯ ಎತ್ತರದ ಮನುಷ್ಯನ ಕೈಗೆ ಮೇಲಿನ ಹಲಗೆಯೂ ಎಟುಕಬೇಕು. ಕಪಾಟುಗಳಿಗೆ ಬಾಗಿಲೂ ಬೀಗವೂ ಇರಕೂಡದು. ಅವುಗಳ ನಡುವಣ ಹಾದಿಗಳಿಗೆ ಬೆಳಕೂ ಗಾಳಿಯೂ ಧಾರಾಳವಾಗಿ ಬರುವಂತೆ ಕಿಟಕಿಗಳನ್ನು ಇಡಬೇಕು. ಗ್ರಂಥಾಲಯವು ಬೆಳೆಯುವ ಜೀವಿಯಾದರೆ ಇಂದಿನ ಗೋಡೆಯು ನಾಳಿನ ವಿಸ್ತಾರಕ್ಕೆ ಅಡ್ಡಿಯಾಗಕೂಡದು.

ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯವು ಹಲವು ವರ್ಷಗಳ ಕಾಲ ಕನ್ನೆಮರಾ ಸಾರ್ವಜನಿಕ ಗ್ರಂಥಾಲಯದ ಕಟ್ಟಡದಲ್ಲಿ ಬಿಡಾರ ಹೂಡಿ, ಆಮೇಲೆ ಅಲ್ಲಿಂದ ಹೊರಟು, 1936ರ ಸೆಪ್ಟೆಂಬರ್ 3ರಂದು ಮರೀನಾ ಕಡಲತೀರದಲ್ಲಿ ತನಗೆಂದೇ ಯೋಜಿತವಾದ ಮನೆಯನ್ನು ಸೇರಿತು. ಹೊರನೋಟದಲ್ಲಿ ಅದು ಆ ಕಾಲದ ಇಂಡೋ-ಸಾರಸೆನಿಕ್ ಶೈಲಿಗೆ ಒಪ್ಪುವಂತಿದ್ದರೂ ಒಳಗಣ ವಿನ್ಯಾಸದಲ್ಲಿ ಗ್ರಂಥಪಾಲನ ಅನುಭವವು ಮಾತನಾಡಿತು. ವಾಸ್ತುಶಿಲ್ಪಿಯು ನಕ್ಷೆಯನ್ನು ಬರೆದು ಗ್ರಂಥಪಾಲನ ಕೈಗೆ ಕೊಡುವ ಪದ್ಧತಿಗೆ ಪ್ರತಿಯಾಗಿ, ಗ್ರಂಥಪಾಲನು ಅಗತ್ಯಗಳ ಪಟ್ಟಿಯನ್ನು ಬರೆದು ವಾಸ್ತುಶಿಲ್ಪಿಯ ಕೈಗೆ ಕೊಡುವ ಪದ್ಧತಿಯನ್ನು ರಂಗನಾಥನ್ ಜೀವನದುದ್ದಕ್ಕೂ ಬೋಧಿಸಿದರು.

ಆ ಋಷಿಸದೃಶ ವ್ಯಕ್ತಿಯು ತಮ್ಮ ಕೊನೆಯ ಹದಿನೈದು ವರ್ಷಗಳನ್ನು ನಮ್ಮ ನಾಡಿನಲ್ಲಿ ಕಳೆದುದು ಕನ್ನಡಿಗರ ಭಾಗ್ಯ. ಕಾಶಿ, ದೆಹಲಿ, ಜೂರಿಚ್‌ಗಳಲ್ಲಿ ಸೇವೆ ಸಲ್ಲಿಸಿ 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗವು ದೇಶದ ವಿಶ್ವವಿದ್ಯಾಲಯ ಮತ್ತು ಕಾಲೇಜು ಗ್ರಂಥಾಲಯಗಳ ಸುಧಾರಣೆಗಾಗಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾದರು. 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರ ಮಾರ್ಗದರ್ಶನದ ಫಲವಾಗಿ ಮೈಸೂರು ರಾಜ್ಯವು 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಅಂಗೀಕರಿಸಿತು. 1966ರ ನವೆಂಬರ್ 1ರಿಂದ ಅದು ಜಾರಿಗೆ ಬಂದಿತು. 1972ರಲ್ಲಿ ಅವರು ಬೆಂಗಳೂರಿನಲ್ಲಿಯೇ ನಿಧನರಾದರು. ಗ್ರಂಥಾಲಯ ಭವನಗಳ ಮೂಲಾಂಶಗಳನ್ನು ಕುರಿತು ಭಾರತೀಯ ಮಾನಕ ಸಂಸ್ಥೆಯು 1960ರಲ್ಲಿ ಹೊರಡಿಸಿದ 1553ನೆಯ ಸಂಖ್ಯೆಯ ಮಾನಕದ ಹಿಂದೆಯೂ ಅವರ ಚಿಂತನೆಯಿದೆ. ವಾಚನಾಲಯದಲ್ಲಿ ಒಬ್ಬ ಓದುಗನಿಗೆ ಸುಮಾರು 25 ಚದರಡಿ, ಎಂದರೆ 2.33 ಚದರ ಮೀಟರ್ ಸ್ಥಳ ಬೇಕೆಂಬ ಲೆಕ್ಕವು ಆ ಪರಂಪರೆಯದು. ಏಕಕಾಲಕ್ಕೆ 200 ಮಂದಿ ಕುಳಿತು ಓದಬೇಕಾದರೆ ವಾಚನಾಲಯವೊಂದಕ್ಕೇ 466 ಚದರ ಮೀಟರ್ ಬೇಕಾಗುತ್ತದೆ. ಲೆಕ್ಕವು ಕ್ಷುಲ್ಲಕವೆಂದು ತೋರಬಹುದು. ಆದರೆ ಇಂಥ ಲೆಕ್ಕವಿಲ್ಲದೆ ಎದ್ದ ಭವನಗಳಲ್ಲಿ ವಿದ್ಯಾರ್ಥಿಗಳು ಮೆಟ್ಟಿಲ ಮೇಲೆ ಕುಳಿತು ಓದುವುದನ್ನು ನಾವು ಅನೇಕ ಕಡೆ ಕಂಡಿದ್ದೇವಷ್ಟೆ.

ಆಯೋಗದ ಅನುದಾನದಿಂದ ಆ ವರ್ಷಗಳಲ್ಲಿ ದೇಶದ ಅನೇಕ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ಗ್ರಂಥಾಲಯ ಭವನಗಳು ಪ್ರಾಪ್ತವಾದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ದೊರೆತ ನೆರವಿನಿಂದ ಕಟ್ಟಿಸಿದ ಹೊಸ ಗ್ರಂಥಾಲಯವನ್ನು 1965ರಲ್ಲಿ ಪ್ರವೇಶಿಸಿತು. ಸಾಗರದಾಚೆಯೂ ಅದೇ ಚಿಂತನೆ ನಡೆಯುತ್ತಿತ್ತು. ಎರಡನೆಯ ಮಹಾಯುದ್ಧವು ಇನ್ನೂ ಮುಗಿಯದಿದ್ದ 1944ರಲ್ಲಿ, ಯುದ್ಧಾನಂತರ ಏಳಲಿರುವ ವಿಶ್ವವಿದ್ಯಾಲಯ ಗ್ರಂಥಾಲಯಗಳ ನಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಲೆಂದು ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಗ್ರಂಥಪಾಲರು ಸಹಕಾರ ಸಮಿತಿಯೊಂದನ್ನು ರಚಿಸಿಕೊಂಡು, ವಾಸ್ತುಶಿಲ್ಪಿಗಳೊಡನೆ ಕುಳಿತು ಒಬ್ಬರ ನಕ್ಷೆಯ ದೋಷಗಳನ್ನು ಮತ್ತೊಬ್ಬರು ನಿಸ್ಸಂಕೋಚವಾಗಿ ತೋರಿಸಿಕೊಟ್ಟರು. 1949ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಿರಿಯ ತರಗತಿಗಳ ವಿದ್ಯಾರ್ಥಿಗಳಿಗೆಂದೇ ಲಮಾಂಟ್ ಗ್ರಂಥಾಲಯವು ತೆರೆಯಿತು; ಅದರ ಯೋಜನೆಯ ಸೂತ್ರಧಾರರಾದ ಕೀಸ್ ಮೆಟ್ಕಾಫ್ ನಿವೃತ್ತಿಯ ಬಳಿಕ ಅನೇಕ ಸಂಸ್ಥೆಗಳಿಗೆ ಸಲಹೆಗಾರರಾಗಿ ದುಡಿದು, 1965ರಲ್ಲಿ ಆ ಅನುಭವವನ್ನೆಲ್ಲ ಬೃಹದ್ಗ್ರಂಥವೊಂದರಲ್ಲಿ ಸಂಗ್ರಹಿಸಿದರು. ಅನುಭವಿಯಾದ ಗ್ರಂಥಪಾಲನೊಬ್ಬನು ಊರೂರಿಗೆ ಹೋಗಿ, ನಕ್ಷೆ ಸಿದ್ಧವಾಗುವ ಮೊದಲೇ ಪ್ರಶ್ನೆಗಳನ್ನು ಕೇಳಿ, ಕಟ್ಟಡದ ಹಣೆಬರಹವನ್ನು ತಿದ್ದುವ ವೃತ್ತಿಯು ಹೀಗೆ ರೂಢಿಗೆ ಬಂದಿತು. ಒಂದು ಕಡೆ ಮದರಾಸಿನ ಗಣಿತಜ್ಞರೂ ಇನ್ನೊಂದು ಕಡೆ ಹಾರ್ವರ್ಡಿನ ಗ್ರಂಥಪಾಲರೂ ಬೇರೆ ಬೇರೆ ದಾರಿಗಳಿಂದ ಬಂದು ಸೇರಿದ ತೀರ್ಮಾನವು ಒಂದೇ: ನಕ್ಷೆಯು ಓದುಗನಿಂದ ಮೊದಲಾಗತಕ್ಕದ್ದು.

ಇತ್ತ ಚಿನ್ನದ ಗಣಿಯ ಸೀಮೆಯಲ್ಲಿ, ಗಣಿಯೇ ವಿದ್ಯಾಪೀಠವಾಗಿ ಪರಿಣಮಿಸಿದ ಘಟನೆಯೊಂದು ನಡೆಯಿತು. ಭೂಮಿಯ ಮೇಲ್ಮೈಯಲ್ಲಿ ವಿಶ್ವಕಿರಣಗಳ ಗದ್ದಲದ ನಡುವೆ ಪತ್ತೆಮಾಡಲಾಗದ ನ್ಯೂಟ್ರಿನೊ ಎಂಬ ಸೂಕ್ಷ್ಮಕಣವನ್ನು ಅರಸುತ್ತ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೂ ಚಾಂಪಿಯನ್ ರೀಫ್ ಗಣಿಯ ಆಳಕ್ಕೆ, ಎರಡು ಕಿಲೋಮೀಟರಿಗೂ ಮಿಗಿಲಾದ ಪಾತಾಳಕ್ಕೆ ಇಳಿದರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಲೋಕದಲ್ಲಿ ಮೊದಲು ಕಂಡವರಲ್ಲಿ ಅವರು ಸೇರಿದರು. ಬಿ. ವಿ. ಶ್ರೀಕಂಠನ್, ಎಂ. ಜಿ. ಕೆ. ಮೆನನ್ ಮೊದಲಾದ ವಿಜ್ಞಾನಿಗಳ ಹೆಸರುಗಳೊಡನೆ ಈ ಗಣಿಯ ಹೆಸರೂ ಭೌತವಿಜ್ಞಾನದ ಚರಿತ್ರೆಯಲ್ಲಿ ಸ್ಥಿರವಾಯಿತು. ಆಳದ ಬಂಡೆಗಳು ಒತ್ತಡ ತಾಳಲಾರದೆ ಸಿಡಿದು ಗಣಿಗಾರರ ಪ್ರಾಣವನ್ನು ಹರಣಮಾಡುತ್ತಿದ್ದ ದುರಂತಗಳ ಅಧ್ಯಯನದಿಂದ ಇಲ್ಲಿ ಬಂಡೆಗಳ ಬಲವಿಜ್ಞಾನವು ಬೆಳೆದು, 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ಚಾಂಪಿಯನ್ ರೀಫ್‌ನಲ್ಲಿ ನೆಲೆಗೊಂಡಿತು. ಊರಿಗಾಂನಲ್ಲಿ ಗಣಿ ವಿದ್ಯಾಶಾಲೆಯೂ ಇಂಜಿನಿಯರಿಂಗ್ ಕಾಲೇಜೂ ಬಂದುವು. ಗಣಿಯ ಇಂಜಿನಿಯರುಗಳು ಕೋಲಾರ್ ಗೋಲ್ಡ್ ಫೀಲ್ಡ್ ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿಯೆಂಬ ಸಂಘವನ್ನು ಕಟ್ಟಿಕೊಂಡು ತಮ್ಮ ಅನುಭವಗಳನ್ನು ಬುಲೆಟಿನ್‌ಗಳ ರೂಪದಲ್ಲಿ ಅಚ್ಚುಮಾಡಿಸಿದ್ದರು.

1956ರಲ್ಲಿ ಮೈಸೂರು ಸರ್ಕಾರದ ಕೈಗೂ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೂ ಬಂದ ಗಣಿಗಳು 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಂಸ್ಥೆಯ ಅಧೀನವಾಗಿ, 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಸುಮಾರು 120 ವರ್ಷಗಳಲ್ಲಿ 800 ಟನ್ನುಗಳಷ್ಟು ಚಿನ್ನವನ್ನು ಈ ನೆಲವು ಲೋಕಕ್ಕಿತ್ತಿತು. ಅದಕ್ಕೆ ಬೆವರು ಸುರಿಸಿದವರ ಮಕ್ಕಳೂ ಮೊಮ್ಮಕ್ಕಳೂ ಇಂದು ನಸುಕಿನಲ್ಲೆದ್ದು ಮಾರಿಕುಪ್ಪಂನಿಂದ ಹೊರಡುವ ರೈಲನ್ನು ಹತ್ತಿ ಬೆಂಗಳೂರಿಗೆ ಹೋಗಿ, ದುಡಿದು, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಸಾವಿರಾರು ಮಂದಿಯ ನಿತ್ಯಯಾತ್ರೆಯದು. ಅವರಲ್ಲಿ ಓದುವ ಹುಡುಗರಿದ್ದಾರೆ, ಹುಡುಗಿಯರಿದ್ದಾರೆ. ಹಗಲು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡಿ ಪದವಿಯ ಪರೀಕ್ಷೆಗೆ ಕೂಡುವವರಿದ್ದಾರೆ.

ಬೆಂಗಳೂರು ವಿಶ್ವವಿದ್ಯಾಲಯವು ಬೆಳೆದು ಬೆಳೆದು ಭಾರವಾದಾಗ ಅದನ್ನು ವಿಭಜಿಸಿ, 2017ರಲ್ಲಿ ಕೋಲಾರವನ್ನು ಕೇಂದ್ರವಾಗಿ ಮಾಡಿಕೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವನ್ನು ಸ್ಥಾಪಿಸಲಾಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದುವು. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರನ್ನೂ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ ಹೆತ್ತ ಸೀಮೆಗೆ ಕೊನೆಗೂ ತನ್ನದೇ ಆದ ವಿಶ್ವವಿದ್ಯಾಲಯವು ಬಂದಂತಾಯಿತು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದಾಗ ಗುಂಡಪ್ಪನವರು ಗ್ರಂಥಾಲಯಕ್ಕೂ ಅಧ್ಯಯನ ಗೋಷ್ಠಿಗೂ ಕೊಟ್ಟ ಪ್ರಾಶಸ್ತ್ಯವನ್ನು ಇಲ್ಲಿ ಸ್ಮರಿಸಬೇಕು. ಪುಸ್ತಕವೂ ಸಂವಾದವೂ ಒಂದೇ ಸೂರಿನಡಿ ಇರಬೇಕೆಂಬುದು ಅವರ ಬಾಳಿನ ನಂಬಿಕೆಯಾಗಿತ್ತು.

ಈ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಯೋಜಿಸುವವರು ಮೊದಲು ಮಾಡತಕ್ಕ ಕೆಲಸವು ಕಲ್ಲು ಇಟ್ಟಿಗೆಗಳ ಲೆಕ್ಕವಲ್ಲ, ಶಂಕುಸ್ಥಾಪನೆಯ ಫಲಕವೂ ಅಲ್ಲ, ಓದುಗರ ಲೆಕ್ಕ. ಅವರು ಎಲ್ಲಿಂದ ಬರುತ್ತಾರೆ, ಯಾವ ಹೊತ್ತಿಗೆ ಬರಬಲ್ಲರು, ಯಾವ ಭಾಷೆಗಳಲ್ಲಿ ಓದಬಲ್ಲರು? ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಸೀಮೆಯಿದು. ಒಂದೆರಡು ಭಾಷೆಗಳ ಪುಸ್ತಕಗಳಿಂದ ಇಲ್ಲಿಯ ಓದುಗನಿಗೆ ನ್ಯಾಯ ದೊರೆಯದು. ರೈಲಿನ ವೇಳೆಗೆ ಬದುಕನ್ನು ಹೊಂದಿಸಿಕೊಂಡಿರುವ ಜನರಿಗೆ ಹಗಲು 10 ಗಂಟೆಗೆ ತೆರೆದು ಸಂಜೆ 5ಕ್ಕೆ ಮುಚ್ಚುವ ಗ್ರಂಥಾಲಯವು ಇದ್ದೂ ಇಲ್ಲದಂತೆ. ಕೇಂದ್ರದ ಭವನವು ಎಷ್ಟೇ ಭವ್ಯವಾಗಿರಲಿ, ಮಾರಿಕುಪ್ಪಂ ಹಾದಿಯ ಆಸುಪಾಸಿನಲ್ಲಿ ರಾತ್ರಿ ತಡವಾಗಿಯೂ ದೀಪವುರಿಯುವ ಶಾಖಾ ವಾಚನಾಲಯವೊಂದು ಆ ಯೋಜನೆಯ ಅಂಗವಾಗಿರಬೇಕು. ಆ ಶಾಖೆಯನ್ನು ಕಟ್ಟುವಾಗ ಗಾಳಿಗಾಲದಲ್ಲಿ, ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಸಯನೈಡ್ ದಿಬ್ಬಗಳಿಂದೇಳುವ ಧೂಳನ್ನು ಲೆಕ್ಕಕ್ಕೆ ಹಿಡಿದು ಕಿಟಕಿಗಳ ದಿಕ್ಕನ್ನೂ ಕಪಾಟುಗಳ ಸ್ಥಾನವನ್ನೂ ನಿಶ್ಚಯಿಸಬೇಕು. ಕಡಲತೀರಕ್ಕೆ ಹೊಂದಿದ ನಕ್ಷೆಯು ಈ ಬಯಲಿಗೆ ಹೊಂದದು. ಪುಸ್ತಕದ ಸ್ಥಾನವನ್ನು ಗಣಕಯಂತ್ರವು ಬಹುಮಟ್ಟಿಗೆ ಆಕ್ರಮಿಸಿರುವ ಈ ಕಾಲದಲ್ಲಿ ಭವನವೇ ಅನಾವಶ್ಯಕವೆಂದು ವಾದಿಸುವವರುಂಟು. ಒಂದೇ ಕೋಣೆಯ ಲೈನು ಮನೆಯಲ್ಲಿ ಐದಾರು ಮಂದಿಯ ನಡುವೆ ಪರೀಕ್ಷೆಗೆ ಓದಬೇಕಾದ ಹುಡುಗಿಗೆ ಬೇಕಾದುದು ಪುಸ್ತಕವಷ್ಟೇ ಅಲ್ಲ. ಒಂದು ಮೇಜು, ಒಂದು ದೀಪ, ಒಂದಿಷ್ಟು ನಿಶ್ಶಬ್ದ, ಮತ್ತು ಯಾರ ಅಪ್ಪಣೆಯನ್ನೂ ಬೇಡದೆ ಕುಳಿತುಕೊಳ್ಳುವ ಹಕ್ಕು. ಇವನ್ನು ಯಾವ ಯಂತ್ರವೂ ಕೊಡಲಾರದು.

ಎರಡನೆಯದಾಗಿ, ಈ ಸೀಮೆಯ ಸ್ಮೃತಿಗೆ ಆ ಗ್ರಂಥಾಲಯದಲ್ಲೊಂದು ಸ್ಥಾನವಿರಬೇಕು. ಶಾಫ್ಟುಗಳ ನಕ್ಷೆಗಳು, ಗಣಿಗಳ ವಾರ್ಷಿಕ ವರದಿಗಳು, ಗಣಿಗಾರರ ಸಂಘಗಳ ಕಾಗದಪತ್ರಗಳು, ಮೈನಿಂಗ್ ಸೊಸೈಟಿಯ ಬುಲೆಟಿನ್‌ಗಳು, ‘ತಮಿಳನ್’ ಪತ್ರಿಕೆಯ ಸಂಚಿಕೆಗಳು, ಸಿದ್ಧಾರ್ಥ ಪುಸ್ತಕಶಾಲೆಯ ಪ್ರಕಟಣೆಗಳು, ನ್ಯೂಟ್ರಿನೊ ಪ್ರಯೋಗದ ಬರಹಗಳು, ಮನೆಮನೆಗಳಲ್ಲಿ ಉಳಿದಿರುವ ಛಾಯಾಚಿತ್ರಗಳು ಇವನ್ನೆಲ್ಲ ಒಂದೆಡೆ ಕೂಡಿಸಿ, ಗೆದ್ದಲಿನಿಂದಲೂ ತೇವದಿಂದಲೂ ರಕ್ಷಿಸಿ, ಸೂಚಿಯನ್ನು ಸಿದ್ಧಪಡಿಸಿ, ಕೇಳಿದವರಿಗೆ ಕೊಡುವ ಕೋಣೆಯೊಂದು ಮೂಲನಕ್ಷೆಯಲ್ಲಿಯೇ ಇರತಕ್ಕದ್ದು. ಭವನವು ಮುಗಿದ ಮೇಲೆ ಉಳಿದ ಮೂಲೆಯಲ್ಲಿ ಇದಕ್ಕೆ ಜಾಗ ಹುಡುಕುವುದು ಸಲ್ಲದು. ವಾರನ್ನನ ವರದಿಯು ತನ್ನ ಓದುಗನಿಗಾಗಿ ದಶಕಗಟ್ಟಲೆ ಕಾಯಬೇಕಾಯಿತು. ಗಣಿಯ ಮಕ್ಕಳ ಬರಹಗಳು ಹಾಗೆ ಕಾಯಲಾರವು, ಏಕೆಂದರೆ ಅವು ಹಳೆಯ ಕಾಗದದ ಮೇಲಿವೆ, ಮುದುಕರ ಪೆಟ್ಟಿಗೆಗಳಲ್ಲಿವೆ.

ವಿಶ್ವವಿದ್ಯಾಲಯದ ಅಧಿಕಾರಿಗಳಲ್ಲಿಯೂ, ಅವರ ನಕ್ಷೆಗೆ ಸಹಿ ಹಾಕುವ ಸರ್ಕಾರದಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ. ವಾಸ್ತುಶಿಲ್ಪಿಯನ್ನು ನೇಮಿಸುವುದಕ್ಕೆ ಮೊದಲು ಗ್ರಂಥಪಾಲನನ್ನು ನೇಮಿಸಿರಿ. ಗ್ರಂಥಪಾಲನು ಪಟ್ಟಿಯನ್ನು ಬರೆಯುವುದಕ್ಕೆ ಮೊದಲು ಅವನನ್ನು ಕೋಲಾರ, ಬಂಗಾರಪೇಟೆ, ಮಾರಿಕುಪ್ಪಂಗಳ ವಿದ್ಯಾರ್ಥಿಗಳ ನಡುವೆ ಕಳುಹಿಸಿ ಅವರ ಅಗತ್ಯಗಳನ್ನು ಅವರ ಬಾಯಿಂದಲೇ ಕೇಳಿಬರುವಂತೆ ಮಾಡಿರಿ. ಶಿವನಸಮುದ್ರದ ಯೋಜಕರು ಗಣಿಯ ಗಿರಣಿಗಳಿಗೆ ತೋರಿಸಿದಷ್ಟು ಗೌರವವನ್ನು ನಾವು ಗಣಿಗಾರರ ಮೊಮ್ಮಕ್ಕಳಿಗೆ ತೋರಿಸಿದರೆ ಸಾಕು. ಭವನವು ತಾನಾಗಿ ಸರಿಯಾಗುತ್ತದೆ. ಈ ಸೀಮೆಯ ಓದುಗರಲ್ಲಿಯೂ ಒಂದು ಮಾತನ್ನು ಅರಿಕೆಮಾಡುತ್ತೇನೆ: ನಿಮ್ಮ ಮನೆಗಳಲ್ಲಿ ತಾತಂದಿರ ಕಾಲದ ಕಾಗದ, ಪತ್ರಿಕೆ, ಪುಸ್ತಕ, ನಕ್ಷೆಗಳೇನಾದರೂ ಇದ್ದರೆ ಅವನ್ನು ರದ್ದಿಗೆ ಕೊಡಬೇಡಿರಿ. ಅವುಗಳಿಗೆ ತಕ್ಕ ಮನೆಯು ಸಿದ್ಧವಾಗುವ ತನಕ ಜೋಪಾನವಾಗಿಡಿರಿ. ಆ ಮನೆಯು ಬೇಗ ಸಿದ್ಧವಾಗಬೇಕೆಂದು ಹಕ್ಕಿನಿಂದ ಕೇಳಿರಿ.